ಕರಿಹಲಗೆ ಮಂಜಾಗಿ ಕಂಡರೆ

ನಿಮ್ಮ ಮಗ ಪುಸ್ತಕವನ್ನು ತಡವರಿಸದೆ ಓದುತ್ತಾನೆ. ಆದರೆ ಕರಿಹಲಗೆಯ ಮೇಲಿನ ಲೆಕ್ಕವನ್ನು ಪಕ್ಕದವನ ನೋಟ್‌ಬುಕ್ ಇಣುಕಿ ಬರೆದುಕೊಳ್ಳುತ್ತಾನೆ. ದಸರೆಗೆ ಹೇಮಗುಡ್ಡಕ್ಕೆ ಹೋದರೆ ಆನೆಯೇನೋ ಕಾಣುತ್ತದೆ, ಅಂಬಾರಿಯೊಳಗಿನ ದೇವಿಯನ್ನು ನೋಡಲು ಮಾತ್ರ ಕಣ್ಣು ಕಿರಿದು ಮಾಡುತ್ತಾನೆ. ‘ಓದಲು ಬರುತ್ತದಲ್ಲ, ಕಣ್ಣಿಗೇನಾಗಿದೆ?’ ಎಂದು ನೀವು ಸುಮ್ಮನಾಗುತ್ತೀರಿ. ಸಮೀಪದೃಷ್ಟಿ ದೋಷ ವರ್ಷಗಟ್ಟಲೆ ಪತ್ತೆಯಾಗದಿರುವುದು ಹೀಗೆಯೇ. ಅಷ್ಟರಲ್ಲಿ ಹುಡುಗನಿಗೆ ‘ದಡ್ಡ’ ಎಂಬ ಹೆಸರು ಬಂದಿರುತ್ತದೆ.

ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿ.ಮೀ., ದೊಡ್ಡವರದು ಸುಮಾರು 24. ಕಣ್ಣು ಬೆಳೆಯುವಾಗ ಅಳತೆ ಮೀರಿ ಹಿಂದಕ್ಕೆ ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲವನ್ನು ತಲುಪದೆ ಅದರ ಮುಂದೆಯೇ ಮೂಡುತ್ತದೆ. ಹೆಚ್ಚುವರಿ ಒಂದು ಮಿ.ಮೀ. ಉದ್ದವೆಂದರೆ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು! ಒಮ್ಮೆ ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಶುರುವಾದರೆ ನಂಬರು ಏರಲು ಹೆಚ್ಚು ವರ್ಷ ಸಿಗುತ್ತದೆ. ನಂಬರು ಬಹಳ ಹೆಚ್ಚಾದವರಲ್ಲಿ ಮುಂದೆ ಅಕ್ಷಿಪಟಲ ಕಳಚಿಕೊಳ್ಳುವ ಅಪಾಯವೂ ಉಂಟು.

ತಂದೆತಾಯಿಗೆ ಈ ದೋಷವಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಪುಸ್ತಕವನ್ನೋ ಮೊಬೈಲನ್ನೋ ಮೂಗಿನ ಬಳಿ ಹಿಡಿದು ಗಂಟೆಗಟ್ಟಲೆ ಕೂರುವುದೂ ಕಾರಣ. ಆದರೆ ನಾವು ಮರೆತಿರುವುದು ಬಯಲಿನ ಬೆಳಕನ್ನು. ಹಗಲ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಕಣ್ಣಿನ ಅತಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂದು ತಜ್ಞರು ಭಾವಿಸುತ್ತಾರೆ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ನೂರಕ್ಕೆ 30 ಮಕ್ಕಳಿಗೆ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ ಬಂತು. ಗಂಗಾವತಿ ಸೀಮೆಯಲ್ಲಿ ಬಿಸಿಲಿಗೇನು ಬರವೇ? ಉರಿಬಿಸಿಲೇ ಬೇಕೆಂದಿಲ್ಲ. ಬೇವಿನ ಮರದ ನೆರಳೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಪ್ರಕಾಶಮಾನ. ದಿನಕ್ಕೆ ಎರಡು ಗಂಟೆ ಆಡಲು ಬಿಡಿ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬುದು ತಪ್ಪು. ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟರೂ ದೋಷ ನಿಧಾನವಾಗುವುದಿಲ್ಲ. ಗಜ್ಜರಿ ತಿನ್ನಿಸಿದರೆ ಉದ್ದವಾದ ಕಣ್ಣು ಸರಿಹೋಗದು. ಅದರಿಂದ ಉಪಯೋಗವಾಗುವುದು ‘ಎ’ ಜೀವಸತ್ವದ ಕೊರತೆಯ ಇರುಳುಗಣ್ಣಿಗೆ. ಮದುವೆಗೆ ತೊಡಕೆಂದು ಹೆಣ್ಣುಮಗುವಿನ ಕನ್ನಡಕವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವವರಿಗೆ ಏನು ಹೇಳೋಣ! ನಂಬರು ಬೇಗ ಏರುತ್ತಿದ್ದರೆ ಅಟ್ರೋಪಿನ್ ಎಂಬ ಔಷಧದ ಅತಿ ತೆಳು ಹನಿಗಳನ್ನು ನೇತ್ರತಜ್ಞರು ಸೂಚಿಸಬಹುದು. ಅಂಗಡಿಯಿಂದ ನೀವೇ ತಂದು ಹಾಕಬೇಡಿ.

ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಕೋಣೆಯ ಇನ್ನೊಂದು ತುದಿಯಿಂದ, ಒಂದೊಂದೇ ಕಣ್ಣು ಮುಚ್ಚಿ, ಮಗುವಿನಿಂದ ಓದಿಸಿ ನೋಡಿ. ನಿಮಗೆ ಕಂಡದ್ದು ಅದಕ್ಕೆ ಕಾಣದಿದ್ದರೆ ಈ ವಾರವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ದೋಷವಿದೆಯೆಂದು ಗೊತ್ತಾದ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಆಗಬೇಕು.