ಆಲಿವ್ ಮರವೂ ನಮ್ಮ ಸೀಮೆಯ ಕುಸುಬೆಯೂ

ಚಿಟಗುಪ್ಪ ಸೀಮೆಯಲ್ಲಿ ಜೈತೂನ್ ಎಂಬ ಹೆಸರನ್ನು ಕೇಳದವರು ವಿರಳ. ಎಳೆಗೂಸಿನ ಮೈಗೆ ತೀಡುವುದಕ್ಕೂ ಕೀಲುನೋವಿಗೆ ತಿಕ್ಕುವುದಕ್ಕೂ ಈ ಎಣ್ಣೆಯ ಸಣ್ಣ ಸೀಸೆಯನ್ನು ಮನೆಯಲ್ಲಿಟ್ಟುಕೊಳ್ಳುವ ವಾಡಿಕೆ ಇಲ್ಲಿ ಉಂಟು. ಇಂಗ್ಲಿಷಿನಲ್ಲಿ ಆಲಿವ್ ಎಂದು ಕರೆಯಲ್ಪಡುವ ಮರದ ಹಣ್ಣಿನ ಎಣ್ಣೆಯೇ ಇದು. ಈಚೆಗೆ ಇದನ್ನು ಅಡಿಗೆಗೂ ಬಳಸಬಹುದೆಂಬ ಸುದ್ದಿ ಹಳ್ಳಿಗಳಿಗೆ ಮುಟ್ಟಿ, ಈ ಮರವನ್ನು ನಮ್ಮ ಹೊಲದಲ್ಲಿ ಬೆಳೆಯಬಹುದೇ ಎಂದು ರೈತರು ವಿಚಾರಿಸತೊಡಗಿದ್ದಾರೆ. ಒಬ್ಬ ರೈತರಂತೂ ಊರೂರು ತಿರುಗುವ ವ್ಯಾಪಾರಿಯೊಬ್ಬನ ಮಾತನ್ನು ನಂಬಿ, ಕುಸುಬೆ ಬಿತ್ತುತ್ತಿದ್ದ ಅರ್ಧ ಎಕರೆ ಎರೆಭೂಮಿಯಲ್ಲಿ ಈ ಸಸಿಗಳನ್ನು ನೆಟ್ಟರು. ಐದು ವರ್ಷಗಳಾದರೂ ಒಂದು ಹೂವೂ ಬರಲಿಲ್ಲ. ಮಳೆಗಾಲದಲ್ಲಿ ನೀರು ನಿಂತು ಅರ್ಧಕ್ಕಿಂತ ಹೆಚ್ಚು ಸಸಿಗಳು ಬೇರು ಕೊಳೆತು ಸತ್ತವು. ಇಂತಹ ನಷ್ಟವು ಮತ್ತೊಬ್ಬರಿಗೆ ಆಗದಿರಲೆಂದು ಈ ಮರದ ಚರಿತ್ರೆಯನ್ನೂ, ಅದರಿಂದ ನಾವು ಕಲಿಯತಕ್ಕ ಪಾಠವನ್ನೂ ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

1. ಮರದ ಪರಿಚಯ

ಸಸ್ಯಶಾಸ್ತ್ರಜ್ಞರು ಈ ಮರವನ್ನು ಓಲಿಯಾ ಯೂರೋಪಿಯಾ ಎಂದು ಕರೆಯುತ್ತಾರೆ. ನಮ್ಮ ಮಲ್ಲಿಗೆಯೂ ಪಾರಿಜಾತವೂ ಇದೇ ಕುಟುಂಬಕ್ಕೆ ಸೇರಿದವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಮರವು ನಿತ್ಯಹಸುರು, ಎಲೆಗಳು ಕಿರಿದಾಗಿ, ಮೇಲೆ ಬೂದುಹಸುರು, ಕೆಳಗೆ ಬೆಳ್ಳಿಯ ಬಣ್ಣ. ಕಾಯಿ ಮೊದಲು ಹಸುರಾಗಿದ್ದು ಬಲಿತಾಗ ನೇರಳೆಯಾಗಿ ಕೊನೆಗೆ ಕಪ್ಪಾಗುವುದು. ಕಿತ್ತೊಡನೆ ತಿಂದರೆ ಬಹಳ ಕಹಿ. ಉಪ್ಪುನೀರಿನಲ್ಲಿ ನೆನೆಯಿಟ್ಟು ಕಹಿಯನ್ನು ತೆಗೆದ ಮೇಲೆಯೇ ತಿನ್ನಲು ಯೋಗ್ಯವಾಗುತ್ತದೆ. ಎಳ್ಳು, ಕುಸುಬೆ, ಶೇಂಗಾ ಮೊದಲಾದವುಗಳಲ್ಲಿ ಎಣ್ಣೆಯು ಬೀಜದಲ್ಲಿರುವುದು. ಆಲಿವಿನಲ್ಲಿಯಾದರೋ ಹೆಚ್ಚಿನ ಅಂಶವು ಹಣ್ಣಿನ ತಿರುಳಿನಲ್ಲಿಯೇ ಇರುವುದು. ಮರವು ಬಹು ದೀರ್ಘಾಯು. ಕಾಂಡವು ಸುಟ್ಟರೂ ಕಡಿದರೂ ಬುಡದಿಂದ ಮರಳಿ ಚಿಗುರುವ ಶಕ್ತಿ ಇದಕ್ಕಿದೆ.

2. ಪುರಾತನ ಚರಿತ್ರೆ

ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ, ಈಗಿನ ಸಿರಿಯಾ ಪ್ಯಾಲೆಸ್ಟೈನ್ ಸೀಮೆಗಳಲ್ಲಿ, ಸುಮಾರು 6000 ವರ್ಷಗಳ ಹಿಂದೆ ಜನರು ಈ ಮರವನ್ನು ಸಾಕಲು ಆರಂಭಿಸಿದರೆಂದು ತಜ್ಞರ ಅಭಿಪ್ರಾಯ. ಅಲ್ಲಿಂದ ಇದು ಗ್ರೀಸ್, ಇಟಲಿ, ಸ್ಪೇನ್ ದೇಶಗಳಿಗೂ ಆಫ್ರಿಕದ ಉತ್ತರತೀರಕ್ಕೂ ಹಬ್ಬಿತು. ಅಡಿಗೆ, ದೀಪ, ಅಭ್ಯಂಗ, ಔಷಧ, ದೇವರ ಸೇವೆ ಇವೆಲ್ಲಕ್ಕೂ ಆ ಸೀಮೆಯವರಿಗೆ ಇದೊಂದೇ ಎಣ್ಣೆ ಮುಖ್ಯವಾಗಿತ್ತು.

ಗ್ರೀಕರ ಕಥೆಯ ಪ್ರಕಾರ ಅಥೆನ್ಸ್ ನಗರಕ್ಕೆ ಈ ಮರವನ್ನು ದಯಪಾಲಿಸಿದವಳು ಅಥೀನಾ ದೇವಿ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯನರು ಆ ನಗರವನ್ನು ಸುಟ್ಟಾಗ ಕೋಟೆಯ ಮೇಲಿದ್ದ ದೇವಿಯ ಮರವೂ ಸುಟ್ಟುಹೋಯಿತೆಂದೂ, ಮರುದಿನವೇ ಅದರ ಬುಡದಿಂದ ಮೊಳದುದ್ದದ ಚಿಗುರು ಹೊರಟಿತೆಂದೂ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಆ ನಗರದ ಶಾಸನಕರ್ತನಾದ ಸೋಲನನು ಕ್ರಿಸ್ತಪೂರ್ವ ಆರನೆಯ ಶತಮಾನದ ಆದಿಭಾಗದಲ್ಲಿ ಇತರ ಬೆಳೆಗಳನ್ನು ಹೊರದೇಶಕ್ಕೆ ಸಾಗಿಸಕೂಡದೆಂದು ಕಟ್ಟುಮಾಡಿ, ಈ ಎಣ್ಣೆಯೊಂದಕ್ಕೆ ಮಾತ್ರ ಅನುಮತಿ ಕೊಟ್ಟನೆಂದು ಹೇಳಲ್ಪಟ್ಟಿದೆ. ಒಬ್ಬ ಭೂಮಾಲಿಕನು ತನ್ನ ಸ್ವಂತ ಜಮೀನಿನಲ್ಲಿದ್ದರೂ ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಆಲಿವ್ ಮರಗಳನ್ನು ಕೀಳಬಾರದೆಂಬ ಕಾನೂನೂ ಅಲ್ಲಿತ್ತು.

ಯೆಹೂದ್ಯರಲ್ಲಿ ಅರಸರಿಗೂ ಅರ್ಚಕರಿಗೂ ಇದೇ ಎಣ್ಣೆಯಿಂದ ಅಭಿಷೇಕವಾಗುತ್ತಿತ್ತು. ಮೆಸ್ಸೀಯ ಎಂಬ ಪದಕ್ಕೆ ಅಭಿಷಿಕ್ತನೆಂದೇ ಅರ್ಥ. ಏಸುಕ್ರಿಸ್ತನು ಕೊನೆಯ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆ ಎಂಬ ತೋಟದ ಹೆಸರಿಗೆ ಎಣ್ಣೆಯ ಗಾಣ ಎಂದು ಅರ್ಥ ಹೇಳುತ್ತಾರೆ. ಕುರಾನಿನಲ್ಲಿ ಅಂಜೂರ ಮತ್ತು ಜೈತೂನಿನ ಆಣೆಯಿಂದ ಆರಂಭವಾಗುವ ಅಧ್ಯಾಯವೇ ಒಂದಿದೆ. ನೋಹನ ನಾವೆಗೆ ಪಾರಿವಾಳವು ತಂದದ್ದು ಈ ಮರದ ಎಲೆ. ಅದರಿಂದ ಇದು ಶಾಂತಿಯ ಗುರುತಾಗಿ, 1946ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಲಾಂಛನದಲ್ಲಿಯೂ ಇದರ ಕೊಂಬೆಗಳು ಸೇರಿವೆ.

ರೋಮ್ ನಗರದಲ್ಲಿ ಮಾಂಟೆ ಟೆಸ್ಟಾಚೊ ಎಂಬ ಗುಡ್ಡವಿದೆ. ಸುಮಾರು 35 ಮೀಟರು ಎತ್ತರದ ಈ ಗುಡ್ಡವು ಒಡೆದ ಮಡಕೆಗಳದ್ದೇ ಆಗಿದೆ. ಸ್ಪೇನ್ ಮತ್ತು ಆಫ್ರಿಕಗಳಿಂದ ಎಣ್ಣೆ ತುಂಬಿ ಬಂದ ಗುಡಾಣಗಳನ್ನು ಬರಿದು ಮಾಡಿ, ಅವು ಜಿಡ್ಡು ಹಿಡಿದು ಮತ್ತೆ ಉಪಯೋಗಕ್ಕೆ ಬಾರದ್ದರಿಂದ, ಇಲ್ಲಿ ಒಟ್ಟುತ್ತಿದ್ದರು. ಅವುಗಳ ಸಂಖ್ಯೆ ಐದು ಕೋಟಿಯಷ್ಟೆಂದು ಅಂದಾಜು. ಅನೇಕ ಗುಡಾಣಗಳ ಮೇಲೆ ಎಣ್ಣೆಯ ತೂಕ, ವರ್ತಕನ ಹೆಸರು, ಪರೀಕ್ಷೆಯಾದ ವರ್ಷ ಇವುಗಳನ್ನು ಬರೆದಿರುವುದು ಇಂದಿಗೂ ಕಾಣುತ್ತದೆ. ಈ ಪದ್ಧತಿಯನ್ನು ರೈತರು ಮನಸ್ಸಿನಲ್ಲಿಡಬೇಕು.

3. ನಮ್ಮಲ್ಲಿಯ ಎಣ್ಣೆಯ ಪರಂಪರೆ

ಹೀಗೆಂದ ಮಾತ್ರಕ್ಕೆ ನಮ್ಮ ಸೀಮೆಗೆ ಇಂತಹ ಚರಿತ್ರೆ ಇಲ್ಲವೆಂದು ತಿಳಿಯಬಾರದು. ಇಂಗ್ಲಿಷಿನಲ್ಲಿ ಎಣ್ಣೆಗಿರುವ ಆಯಿಲ್ ಎಂಬ ಮಾತು ಆಲಿವಿನ ಹೆಸರಿನಿಂದ ಹುಟ್ಟಿದುದು. ಅದೇ ರೀತಿ ನಮ್ಮ ಎಣ್ಣೆ ಎಂಬ ಮಾತು ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಎಂಬುದರಿಂದ ಬಂದಿದೆ. ಸಂಸ್ಕೃತದ ತೈಲವೂ ತಿಲದಿಂದಲೇ ಆದುದು. ಯಾವ ಸೀಮೆಗೆ ಯಾವ ಬೆಳೆ ಒಗ್ಗಿತೋ ಅದರ ಹೆಸರೇ ಅಲ್ಲಿಯ ನುಡಿಯಲ್ಲಿ ನಿಂತಿತು.

ನಮಗೆ ಸಮೀಪದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದ ಶಾಸನಗಳಲ್ಲಿ, ದೇವಾಲಯದ ನಂದಾದೀವಿಗೆಗಾಗಿ ಗಾಣಕ್ಕೆ ಇಷ್ಟು ಎಣ್ಣೆಯೆಂದು ದತ್ತಿ ಬಿಟ್ಟ ಸಂಗತಿ ಅನೇಕ ಕಡೆ ದೊರೆಯುತ್ತದೆ. ಎಣ್ಣೆಗಾರರ ಸಂಘಕ್ಕೆ ತೆಲ್ಲಿಗರೈವತ್ತೊಕ್ಕಲು ಎಂಬ ಹೆಸರಿತ್ತು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಗಾಣದ ಕಣ್ಣಪ್ಪನೆಂಬವರಿದ್ದರು. ಎತ್ತಿನ ಗಾಣಗಳು ಈಗ ವಿರಳವಾಗಿದ್ದರೂ ಗಾಣಿಗರ ಓಣಿಗಳು ನಮ್ಮ ಊರುಗಳಲ್ಲಿ ಉಳಿದಿವೆ.

4. ಆಲಿವ್ ನಮ್ಮ ಭೂಮಿಗೆ ಒಗ್ಗುವುದೇ?

ಈ ಮರದ ಸ್ವಂತ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆಯು ಒಣ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಹೂಮೊಗ್ಗು ಕಟ್ಟಬೇಕಾದರೆ ಮರಕ್ಕೆ ಅನೇಕ ವಾರಗಳ ಎಡೆಬಿಡದ ಚಳಿ ಬೇಕು. ನಮ್ಮ ಮಾರ್ಗಶಿರ ಪುಷ್ಯಗಳಲ್ಲಿ ಕೆಲವು ರಾತ್ರಿಗಳು ತಣ್ಣಗಿದ್ದರೂ ಹಗಲಿನ ಬಿಸಿಲು ಆ ಚಳಿಯನ್ನು ನಿಲ್ಲಗೊಡುವುದಿಲ್ಲ; ಆದ್ದರಿಂದ ಎಲೆ ಬೆಳೆಯುವುದೇ ಹೊರತು ಹೂ ಬಾರದು. ಎರಡನೆಯದಾಗಿ, ಇದರ ಬೇರು ನಿಂತ ನೀರನ್ನು ಸಹಿಸದು. ನಮ್ಮ ಎರೆಭೂಮಿಯಾದರೋ ಮಳೆಗಾಲದಲ್ಲಿ ನೀರನ್ನು ಹಿಡಿದಿಡುವುದು. ರಾಜಸ್ಥಾನದಲ್ಲಿ ಇಸ್ರೇಲಿನ ತಜ್ಞರ ಸಹಾಯದಿಂದ 2008ರಲ್ಲಿ ಸಸಿಗಳನ್ನು ನೆಟ್ಟು, 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆಯನ್ನೂ ಸ್ಥಾಪಿಸಿದ್ದು ನಿಜ. ಆದರೆ ಅಲ್ಲಿಯ ಮರಳುಭೂಮಿ, ತೀವ್ರವಾದ ಚಳಿ, ಸರಕಾರದ ಬೆಂಬಲ ಮತ್ತು ಹನಿ ನೀರಾವರಿಯ ಏರ್ಪಾಡು ಇವು ನಮ್ಮ ಸಣ್ಣ ರೈತನಿಗೆ ಇಲ್ಲ.

5. ಕುಸುಬೆಯ ಯೋಗ್ಯತೆ

ಹಾಗಾದರೆ ನಮ್ಮ ಎರೆಭೂಮಿಗೆ ಒಗ್ಗಿದ ಎಣ್ಣೆಯ ಬೆಳೆ ಯಾವುದು? ಹಿಂಗಾರಿನಲ್ಲಿ ನಮ್ಮ ಹಿರಿಯರು ಜೋಳ ಕಡಲೆಗಳ ಸಾಲಿನ ನಡುವೆ ಬಿತ್ತುತ್ತಿದ್ದ ಕುಸುಬೆಯೇ ಸರಿ. ಇದರ ಮೂಲವೂ ಪಶ್ಚಿಮ ಏಷ್ಯವೆಂದೇ ತಜ್ಞರು ಹೇಳುತ್ತಾರೆ. ಆದರೆ ಇದು ನಮ್ಮ ಭೂಮಿಯಲ್ಲಿ ಪುರಾತನ ಕಾಲದಿಂದಲೇ ನೆಲೆಸಿದೆ. ಇದರ ತಾಯಿಬೇರು ಆಳಕ್ಕಿಳಿದು, ಮಳೆ ನಿಂತ ಮೇಲೆ ಭೂಮಿಯಲ್ಲುಳಿದ ತೇವದಿಂದಲೇ ಬೆಳೆಯನ್ನು ಸಾಗಿಸುವುದು. ಎಳೆಯ ಸೊಪ್ಪು ಪಲ್ಯಕ್ಕೆ, ಹೂದಳ ಬಣ್ಣಕ್ಕೆ, ಬೀಜದ ಹಾಲು ಹುಗ್ಗಿಗೆ, ಹಿಂಡಿ ದನಕ್ಕೆ ಉಪಯೋಗವಾಗುವುದು; ಮುಳ್ಳು ಹೊಲದಂಚಿಗೆ ಬೇಲಿಯಾಗುವುದು.

ಎಣ್ಣೆಯ ವಿಷಯದಲ್ಲಿ ಒಂದು ಸಂಗತಿ ವಿಶೇಷವಾಗಿ ತಿಳಿಯತಕ್ಕದ್ದು. ಆಲಿವ್ ಎಣ್ಣೆಯ ಗುಣಕ್ಕೆ ಮುಖ್ಯ ಕಾರಣವೆನಿಸಿದ ಓಲಿಯಿಕ್ ಆಮ್ಲವು ಸಾಮಾನ್ಯ ಕುಸುಬೆಯಲ್ಲಿ ಕಡಿಮೆ. ಅದರಲ್ಲಿ ಲಿನೋಲಿಯಿಕ್ ಆಮ್ಲವೇ ನೂರಕ್ಕೆ 70ಕ್ಕಿಂತ ಹೆಚ್ಚು. ಆದರೆ 1957ರಲ್ಲಿ ಭಾರತದಿಂದ ಹೋಗಿದ್ದ ಒಂದು ಕುಸುಬೆಯ ತಳಿಯಲ್ಲಿ ಓಲಿಯಿಕ್ ಆಮ್ಲವೇ ಅಧಿಕವಾಗಿರುವುದನ್ನು ವಿಜ್ಞಾನಿಗಳು ಕಂಡರು. ಅದರ ಆಧಾರದಿಂದ ಕ್ಯಾಲಿಫೋರ್ನಿಯದಲ್ಲಿ 1966ರಲ್ಲಿ ಹೊಸ ತಳಿ ಹೊರಬಂದಿತು. ಅದರ ಎಣ್ಣೆ ಈ ಅಂಶದಲ್ಲಿ ಆಲಿವಿಗೆ ಸಮಾನ. ನಮ್ಮ ದೇಶದಲ್ಲಿಯೂ ಇಂತಹ ತಳಿಗಳನ್ನು ಈಗ ಅಭಿವೃದ್ಧಿಪಡಿಸಲಾಗಿದೆ. ಪರದೇಶದ ಸೀಸೆಯಲ್ಲಿ ನಾವು ಹುಡುಕುವ ಗುಣವು ನಮ್ಮ ಬೀಜದಲ್ಲಿಯೇ ಅಡಗಿತ್ತೆಂದಾಯಿತು. ಆದಾಗ್ಯೂ ಮುಳ್ಳಿನ ತೊಂದರೆ, ಕೂಲಿಯ ಅಭಾವ, ಸುಲಭ ಬೆಲೆಯ ಹೊರದೇಶದ ಎಣ್ಣೆ ಇವುಗಳಿಂದ ಕುಸುಬೆಯ ಕ್ಷೇತ್ರವು ಬಹಳವಾಗಿ ಕುಗ್ಗಿದೆ.

6. ರೈತರು ಗಮನಿಸಬೇಕಾದ ಅಂಶಗಳು

(ಅ) ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಮಧ್ಯದೊಳಗಾಗಿ, ತೇವ ಆರುವ ಮುನ್ನ, ಎಕರೆಗೆ 3ರಿಂದ 4 ಕಿಲೋ ಬೀಜವನ್ನು ಬಿತ್ತತಕ್ಕದ್ದು. ತಡವಾದಷ್ಟೂ ಹೇನಿನ ಬಾಧೆ ಹೆಚ್ಚು.

(ಆ) ಉದ್ದು ಅಥವಾ ಹೆಸರು ಕಿತ್ತ ಹೊಲವು ಇದಕ್ಕೆ ಅನುಕೂಲ. ಸೊರಗು ರೋಗ ತಗಲಿದ ಹೊಲದಲ್ಲಿ ಮರುವರ್ಷ ಕುಸುಬೆಯನ್ನೇ ಬಿತ್ತಬಾರದು.

(ಇ) ಅಣ್ಣಿಗೇರಿ-1 ಎಂಬುದು ನಮ್ಮ ರಾಜ್ಯದ ಪ್ರಸಿದ್ಧ ತಳಿ. ಮುಳ್ಳಿಲ್ಲದ ತಳಿಗಳೂ ಉಂಟು. ಈ ವರ್ಷ ದೊರೆಯುವ ಬೀಜದ ವಿವರವನ್ನು ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಿಳಿಯುವುದು.

(ಈ) ಮನೆಯ ಬಳಕೆಗೆ ಗಾಣದಲ್ಲಿ ಅರೆಯಿಸುವವರು ಬೀಜವನ್ನು ಚೆನ್ನಾಗಿ ಒಣಗಿಸಿ, ಹಸನು ಮಾಡಿ ಒಯ್ಯಬೇಕು. ಕುಸುಬೆ ಎಣ್ಣೆಯು ಗಾಳಿ ಬೆಳಕುಗಳಿಂದ ಬೇಗನೆ ಕಮಟುವುದಾದ್ದರಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಿಸಿ, ಬಾಯಿ ಬಿಗಿದ ಪಾತ್ರೆಯಲ್ಲಿ ಕತ್ತಲೆಯ ಜಾಗದಲ್ಲಿಡುವುದು.

(ಉ) ಮಾರುವವರು ರೋಮಿನ ಗುಡಾಣಗಳ ಪದ್ಧತಿಯನ್ನು ಅನುಸರಿಸಲಿ. ತಳಿ, ಊರು, ಅರೆದ ದಿನ, ತೂಕ ಇವುಗಳನ್ನು ಡಬ್ಬಿಯ ಮೇಲೆ ಬರೆದು ಮಾರಿದರೆ ಕೊಳ್ಳುವವರಿಗೆ ನಂಬಿಕೆ ಹುಟ್ಟುವುದು. ಹತ್ತು ರೈತರು ಕೂಡಿ ಒಂದೇ ಗಾಣವನ್ನು ಆಶ್ರಯಿಸಿದರೆ ವೆಚ್ಚವೂ ಕಡಿಮೆ.

ಆರಂಭದಲ್ಲಿ ಹೇಳಿದ ರೈತರು ಉಳಿದ ಸಸಿಗಳನ್ನು ಕಿತ್ತು, ಕಳೆದ ಹಿಂಗಾರಿನಲ್ಲಿ ಅದೇ ಅರ್ಧ ಎಕರೆಯಲ್ಲಿ ಕುಸುಬೆಯನ್ನು ಬಿತ್ತಿದರು. ಮನೆಗೆ ಸಾಕಾಗುವಷ್ಟು ಎಣ್ಣೆಯೂ ಎರಡು ಎತ್ತುಗಳಿಗೆ ಹಿಂಡಿಯೂ ದೊರೆತುವು. ಹೊಸ ಸಸಿಯನ್ನು ಕೊಳ್ಳುವ ಮುನ್ನ ಯಾವ ರೈತರೇ ಆಗಲಿ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಬಂದು ವಿಚಾರಿಸಿದರೆ, ಇಲಾಖೆಯ ನೌಕರರು ತಮಗೆ ತಿಳಿದಷ್ಟನ್ನು ಸಂತೋಷದಿಂದ ತಿಳಿಸುವರು.