ಹಳೆಯ ಕಾರಿನ ಹೆಡ್ ಗ್ಯಾಸ್ಕೆಟ್: ದುರಸ್ತಿ ಮತ್ತು ಲೆಕ್ಕ

2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಇಂದಿಗೂ ಹಲವು ವರ್ತಕರ ಓಡಾಟಕ್ಕೆ ಆಸರೆಯಾಗಿದೆ. ಹೊರಗೆ ಸೋರಿಕೆ ಕಾಣದೆಯೇ ರೇಡಿಯೇಟರ್ ನೀರು ಇಳಿಯುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾದರೆ, ಸಿಲಿಂಡರ್ ಹೆಡ್ ಹಾಗೂ ಬ್ಲಾಕಿನ ನಡುವಣ ಗ್ಯಾಸ್ಕೆಟ್ ಕೆಟ್ಟಿರುವ ಸಂಭವವುಂಟು. ಆಗಲೂ ಓಡಿಸಿದರೆ ಸಣ್ಣ ವೆಚ್ಚವು ಇಡೀ ಎಂಜಿನ್ನಿನ ವೆಚ್ಚವಾಗಬಹುದು.

ಮನೆಯಲ್ಲಿಯೇ ಬದಲಿಸುವವರು ಎಂಜಿನ್ ಪೂರ್ಣವಾಗಿ ತಣಿದ ಬಳಿಕವೇ ಕೂಲಂಟ್ ಇಳಿಸಿ, ಟೈಮಿಂಗ್ ಗುರುತುಗಳನ್ನು ಹೊಂದಿಸಿಕೊಂಡು ಬೆಲ್ಟ್ ಕಳಚಬೇಕು. ಹೆಡ್ ಬೋಲ್ಟ್‌ಗಳನ್ನು ಅಂಚಿನಿಂದ ನಡುವಿಗೆ ಹಂತಹಂತವಾಗಿ ಸಡಿಲಿಸಬೇಕು; ಮರಳಿ ಬಿಗಿಯುವಾಗ ನಡುವಿನಿಂದ ಅಂಚಿಗೆ, ಟಾರ್ಕ್ ರೆಂಚಿನಿಂದ, ಕೈಪಿಡಿಯ ಅಳತೆಯಂತೆ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿರಬಹುದು. ನೇರಪಟ್ಟಿ, ಫೀಲರ್ ಗೇಜ್‌ಗಳಿಂದ ಅದನ್ನು ಪರೀಕ್ಷಿಸದೆ, ಬಿಸಿಗೆ ಕಾರಣವಾದ ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್‌ಗಳನ್ನು ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಶ್ರಮವೆಲ್ಲ ವ್ಯರ್ಥ.

ಕಾರನ್ನು ಪೂರ್ವಸ್ಥಿತಿಗೆ ತರುವ ಈ ವೆಚ್ಚವು ದುರಸ್ತಿ ಖಾತೆಗೆ ಸೇರತಕ್ಕದ್ದು, ವಾಹನದ ಆಸ್ತಿ ಖಾತೆಗಲ್ಲ. ಬಿಡಿಭಾಗಗಳ ಹಾಗೂ ಹೆಡ್ ಸಮತಟ್ಟುಗೊಳಿಸಿದ ಬಿಲ್ಲುಗಳನ್ನು ಕಾಯ್ದಿಡಬೇಕು. ಏಕಮಾಲೀಕ ಸಂಸ್ಥೆಯ ಒಡೆಯನು ತನ್ನ ದುಡಿಮೆಗೆ ಕೂಲಿಯನ್ನು ಖರ್ಚು ಬರೆಯುವಂತಿಲ್ಲ. ಆದರೆ ಅಂಗಡಿ ಬಿಟ್ಟು ಕಳೆದ ಎರಡು ದಿನಗಳ ನಷ್ಟ, ಪುಸ್ತಕದಲ್ಲಿ ಕಾಣದಿದ್ದರೂ, ನಿಜವಾದುದೇ. ಕಾರಿನ ಮಾರಾಟ ಬೆಲೆಯೊಡನೆ ಅದನ್ನೂ ತೂಗಿ ನೋಡಿದ ಬಳಿಕವೇ ಸ್ಪ್ಯಾನರ್ ಹಿಡಿಯುವುದು ವಿವೇಕ.