ಹಾವಿನ ವಿಷದಿಂದ ರಕ್ತದೊತ್ತಡದ ಮಾತ್ರೆಗೆ

ಅಣು, ಪರಮಾಣು, ಬಂಧ, ಸಂಯುಕ್ತ ಎಂಬ ಪದಗಳನ್ನು ಮೊದಲು ಕಲಿತದ್ದು ನಾನು ಈ ಶಾಲೆಯಲ್ಲಿಯೇ. ಮುಂದೆ ರಸಾಯನಶಾಸ್ತ್ರದ ಅಧ್ಯಾಪನವೇ ನನ್ನ ವೃತ್ತಿಯಾಯಿತು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ, ರಸಾಯನಜ್ಞರು ಹೊಸ ಔಷಧವೊಂದನ್ನು ಹೇಗೆ ರೂಪಿಸುತ್ತಾರೆ ಎಂಬುದನ್ನು ಕ್ಯಾಪ್ಟೋಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆಯ ನಿದರ್ಶನದಿಂದ ವಿವರಿಸಬಯಸುತ್ತೇನೆ.

ನಮ್ಮ ರಕ್ತದಲ್ಲಿ ಆಂಜಿಯೊಟೆನ್ಸಿನ್-1 ಎಂಬ 10 ಅಮೈನೊ ಆಮ್ಲಗಳ ಸರಪಳಿಯಿದೆ. ಒಂದು ಕಿಣ್ವವು ಅದರ ತುದಿಯ ಎರಡು ಕೊಂಡಿಗಳನ್ನು ಕತ್ತರಿಸುತ್ತದೆ. ಉಳಿದ 8 ಕೊಂಡಿಗಳ ಆಂಜಿಯೊಟೆನ್ಸಿನ್-2 ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುತ್ತದೆ. ಕಿಣ್ವವನ್ನು ಬೀಗವೆಂದು ಭಾವಿಸಿದರೆ, ಅದರೊಳಗೆ ಹೊಕ್ಕು ತಿರುಗದೆ ನಿಲ್ಲುವ ಕೀಲಿಕೈಯೊಂದು ಬೇಕು.

ಅದರ ಸುಳಿವು ದೊರೆತದ್ದು ಬ್ರೆಜಿಲ್ ದೇಶದ ಜರರಾಕ ಎಂಬ ಗುಳಿಮಂಡಲ ಹಾವಿನ ವಿಷದಲ್ಲಿ. ಈ ಹಾವು ಕಚ್ಚಿದಾಗ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿ, ರಕ್ತನಾಳಗಳನ್ನು ಸಡಿಲಿಸುವ ಬ್ರಾಡಿಕೈನಿನ್‌ನ ಪ್ರಭಾವವನ್ನು ಹೆಚ್ಚಿಸುವ ಅಂಶವೊಂದಿದೆಯೆಂದು 1965ರಲ್ಲಿ ಸೆರ್ಜಿಯೊ ಫೆರೈರಾ ತಿಳಿಸಿದರು. ವಿಷದಲ್ಲಿನ ಇಂತಹ ಪೆಪ್ಟೈಡ್‌ಗಳು ನಮ್ಮ ಕಿಣ್ವವನ್ನೂ ತಡೆಯುವುದು ಅನಂತರ ತಿಳಿದುಬಂತು. ಅವುಗಳಲ್ಲಿ 9 ಅಮೈನೊ ಆಮ್ಲಗಳ ಟೆಪ್ರೊಟೈಡ್ ರೋಗಿಗಳ ರಕ್ತದೊತ್ತಡವನ್ನು ಇಳಿಸಿತು. ಆದರೆ ಅದನ್ನು ಚುಚ್ಚುಮದ್ದಾಗಿ ಕೊಡಬೇಕಾಗಿತ್ತು, ನುಂಗಿದರೆ ಫಲವಿರಲಿಲ್ಲ. ದಿನನಿತ್ಯ, ಜೀವಮಾನವಿಡೀ ಸೇವಿಸಬೇಕಾದ ಔಷಧಕ್ಕೆ ಇದೊಂದು ದೊಡ್ಡ ಕೊರತೆ.

ಅಮೆರಿಕದ ಸ್ಕ್ವಿಬ್ ಸಂಸ್ಥೆಯ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ಅವರಿಗೆ 1974ರಲ್ಲಿ ದಾರಿ ಕಾಣಿಸಿತು. ಜೀರ್ಣಕ್ರಿಯೆಯ ಕಾರ್ಬಾಕ್ಸಿಪೆಪ್ಟಿಡೇಸ್ ಕಿಣ್ವವನ್ನು ಒಂದು ಪುಟ್ಟ ಅಣು ತಡೆಯುವುದೆಂಬ ಲೇಖನ ಹಿಂದಿನ ವರ್ಷ ಪ್ರಕಟವಾಗಿತ್ತು. ಅದೂ ಸರಪಳಿಯ ತುದಿಯನ್ನೇ ಕತ್ತರಿಸುವ ಕಿಣ್ವ. ಅದರ ಗರ್ಭದಲ್ಲಿಯೂ ಸತುವಿನ ಪರಮಾಣುವಿದೆ. ಅದು ಕತ್ತರಿಸುವುದು ಒಂದು ಕೊಂಡಿಯನ್ನು. ನಮ್ಮ ಕಿಣ್ವ ಎರಡನ್ನು. ಆದುದರಿಂದ ಅದೇ ಮಾದರಿಯ, ತುಸು ಉದ್ದನೆಯ ಅಣುವೇ ಬೇಕೆಂದು ಅವರು ತರ್ಕಿಸಿದರು. ವಿಷದ ಪೆಪ್ಟೈಡ್‌ಗಳ ಕೊನೆಯಲ್ಲಿರುವ ಪ್ರೋಲಿನ್ ಅನ್ನೇ ತುದಿಗಿಟ್ಟು ಸಕ್ಸಿನೈಲ್-ಪ್ರೋಲಿನ್ ತಯಾರಿಸಿದರು. ಅದು ಕೆಲಸ ಮಾಡಿತು, ಆದರೆ ಬಲ ಸಾಲದು.

ಇಲ್ಲಿ ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ: "ಈ ಅಣುವಿನ ಯಾವ ಭಾಗವನ್ನು ನೀವು ಬದಲಿಸುವಿರಿ?" ಉತ್ತರ ಅಣುವಿನ ರಚನೆಯಲ್ಲೇ ಇದೆ. ಮೊದಲು ಒಂದು ಮೀಥೈಲ್ ಗುಂಪನ್ನು ಸೇರಿಸಲಾಯಿತು. ಬಲ ಹತ್ತಾರು ಪಟ್ಟು ಏರಿತು. ಬಳಿಕ ಸತುವನ್ನು ಹಿಡಿಯುವ ಆಮ್ಲದ ಗುಂಪನ್ನು ತೆಗೆದು, ಗಂಧಕವುಳ್ಳ ಗುಂಪನ್ನು ಇಡಲಾಯಿತು. ಗಂಧಕಕ್ಕೆ ಸತುವಿನ ಮೇಲೆ ಒಲವು ಹೆಚ್ಚು. ಬಲ ಇನ್ನೂ ಸುಮಾರು 1000 ಪಟ್ಟು ಏರಿತು! ಇದೇ ಕ್ಯಾಪ್ಟೋಪ್ರಿಲ್. ಪ್ರನಾಳದ ಕಿಣ್ವ, ಗಿನಿಯಿಲಿಯ ಕರುಳಿನ ತುಣುಕು, ಜೀವಂತ ಪ್ರಾಣಿ, ಕೊನೆಗೆ ಮನುಷ್ಯ, ಹೀಗೆ ಪರೀಕ್ಷೆಯ ಮೆಟ್ಟಿಲುಗಳನ್ನೇರಿ 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರಿಗೆ ನಾಲಗೆಯ ರುಚಿ ಕೆಟ್ಟು, ಮೈಮೇಲೆ ಗುಳ್ಳೆಗಳೆದ್ದವು. ಸಂಶಯ ಗಂಧಕದ ಮೇಲೆ ಹೋಯಿತು. ಮರ್ಕ್ ಸಂಸ್ಥೆಯ ರಸಾಯನಜ್ಞರು ಗಂಧಕವಿಲ್ಲದೆ ಅಷ್ಟೇ ಸಮರ್ಥವಾದ ಅಣುವನ್ನು ಕಟ್ಟಿದರು. ಆದರೆ ಕರುಳು ಅದನ್ನು ಹೀರಿಕೊಳ್ಳಲಿಲ್ಲ. ಆಗ ಅದಕ್ಕೆ ಎಸ್ಟರಿನ ಹೊದಿಕೆ ಹಾಕಿದರು. ಅದು ಕರುಳನ್ನು ದಾಟಿದ ಮೇಲೆ ಶರೀರವೇ ಹೊದಿಕೆಯನ್ನು ಕಳಚುತ್ತದೆ. ಅದೇ ಎನಲಾಪ್ರಿಲ್.

'ಪ್ರಿಲ್' ಎಂದು ಕೊನೆಗೊಳ್ಳುವ ಮಾತ್ರೆಗಳು ನಮ್ಮ ಅನೇಕ ಹಿರಿಯರ ಮನೆಗಳಲ್ಲಿವೆ. ಅವುಗಳಿಂದ ಒಣಕೆಮ್ಮು ಬಂದರೆ ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಗರ್ಭಿಣಿಯರಿಗಂತೂ ಇವು ವರ್ಜ್ಯ. ಕೊಂಡಿ, ಬಂಧ, ಸತುವು, ಗಂಧಕ: ಔಷಧದ ಈ ದೀರ್ಘ ಕಥೆಯನ್ನು ಹೇಳಲು ನಮ್ಮ ಶಾಲೆ ಕಲಿಸಿದ ಪದಗಳೇ ಸಾಕಾದವು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದರೆ ವಿಜ್ಞಾನ ದೂರವಾದೀತೆಂದು ಅಳುಕುವ ತಾಯ್ತಂದೆಯರು ಇದನ್ನು ಗಮನಿಸಬೇಕಾಗಿ ವಿನಂತಿ.